ಅಮೆರಿಕದ ಸಣ್ಣ ಕಾಲೇಜಿನಲ್ಲಿ ಹೆಲ್ತ್ ಸೈನ್ಸ್ ಓದುವವರಿಗೆ: ಲೈಸೆನ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಹೋದ ಚಳಿಗಾಲದಲ್ಲಿ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಹಾಸನದ ಕಡೆಯವಳು, ಮದುವೆಯಾಗಿ ಅಮೆರಿಕಕ್ಕೆ ಬಂದು ನಾಲ್ಕು ವರ್ಷವಾಗಿತ್ತು. "ಅಕ್ಕಾ, ಹೆಲ್ತ್ ಸೈನ್ಸ್ ಡಿಗ್ರಿ ಮುಗೀತು. ಇನ್ನು ಆಸ್ಪತ್ರೆಗೆ ಅರ್ಜಿ ಹಾಕಬಹುದಲ್ವಾ?" ಅಂದಳು. ಯಾವ ಲೈಸೆನ್ಸ್ ಪರೀಕ್ಷೆ ಬರೀತೀಯಮ್ಮ ಎಂದು ಕೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಅರವತ್ತು ಕ್ರೆಡಿಟ್ ಓದಿದ್ದಳು, ಎಲ್ಲದರಲ್ಲೂ ಒಳ್ಳೆಯ ಗ್ರೇಡ್. ಆದರೆ ಆ ಡಿಗ್ರಿ ಹಿಡಿದುಕೊಂಡು ನರ್ಸ್ ಆಗಲಿ, ಎಕ್ಸ್‌ರೇ ಟೆಕ್ನಾಲಜಿಸ್ಟ್ ಆಗಲಿ ಆಗುವುದಕ್ಕೆ ಆಗುವುದಿಲ್ಲ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ನಾನು ರೆಸ್ಪಿರೇಟರಿ ಥೆರಪಿಸ್ಟ್. ಅಂದರೆ ಉಸಿರಾಟದ ತೊಂದರೆ ಇರುವವರನ್ನು ನೋಡಿಕೊಳ್ಳುವುದು, ವೆಂಟಿಲೇಟರ್ ನಡೆಸುವುದು ನನ್ನ ಕೆಲಸ. ಶಿವಮೊಗ್ಗದಲ್ಲಿ ಬಿ.ಕಾಂ. ಓದಿದವಳು, ಇಲಿನಾಯ್ ರಾಜ್ಯದ ಒಂದು ಸಣ್ಣ ಊರಿಗೆ ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಎಂಬ ಕೆಲಸದ ವೀಸಾ ಇರುವವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾದಲ್ಲಿ, ಬಂದೆ. ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿ ಈ ಕೆಲಸಕ್ಕೆ ಸೇರಿದೆ. ನನ್ನ ಹಾಗೆ ಇಲ್ಲಿಗೆ ಬಂದು "ಈಗ ಏನು ಓದಲಿ" ಎಂದು ಯೋಚಿಸುತ್ತಿರುವ ಕನ್ನಡದವರಿಗೆ, ಒಂದೊಂದೇ ಹೆಜ್ಜೆಯಾಗಿ ದಾರಿ ಬರೆದಿದ್ದೇನೆ.

ಮೊದಲು ಈ ಕಾಲೇಜುಗಳ ಬಗ್ಗೆ ಒಂದು ಮಾತು. ಕಮ್ಯುನಿಟಿ ಕಾಲೇಜು ಎಂದರೆ ನಮ್ಮವರು ಸ್ವಲ್ಪ ಮೂಗು ಮುರಿಯುತ್ತಾರೆ. ಹಾಗೆ ಮುರಿಯಬೇಕಾದ್ದೇನೂ ಇಲ್ಲ. ಇಲಿನಾಯ್‌ನ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಶುರುವಾದ ಕಾಲೇಜು ಈ ದೇಶದ ಅತಿ ಹಳೆಯ ಸರ್ಕಾರಿ ಕಮ್ಯುನಿಟಿ ಕಾಲೇಜು. ಎರಡು ವರ್ಷದಲ್ಲಿ ನರ್ಸ್‌ಗಳನ್ನು ತಯಾರು ಮಾಡಬಹುದು ಎಂಬ ಯೋಚನೆಯನ್ನು 1951ರಲ್ಲಿ ಮುಂದಿಟ್ಟವರು ಮಿಲ್ಡ್ರೆಡ್ ಮಾಂಟಾಗ್. ಎರಡನೇ ಮಹಾಯುದ್ಧದ ನಂತರ ನರ್ಸ್‌ಗಳ ಕೊರತೆ ತುಂಬಾ ಇತ್ತು. 1952ರಲ್ಲಿ ಕೆಲವು ಕಾಲೇಜುಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಇವತ್ತು ಎರಡು ವರ್ಷದ ಡಿಗ್ರಿಯವರೂ ನಾಲ್ಕು ವರ್ಷದ ಡಿಗ್ರಿಯವರೂ ಬರೆಯುವುದು ಒಂದೇ ಪರೀಕ್ಷೆ, ಎನ್‌ಕ್ಲೆಕ್ಸ್. ಸಿಗುವುದೂ ಒಂದೇ ಲೈಸೆನ್ಸ್.

ಹೆಜ್ಜೆ 1: ಕೆಲಸ ಆರಿಸಿ, ಆಮೇಲೆ ಕಾಲೇಜು

ಕಾಲೇಜಿನ ವೆಬ್‌ಸೈಟಿನಲ್ಲಿ "ಹೆಲ್ತ್ ಸೈನ್ಸ್" ಎಂಬ ಹೆಸರು ಎರಡು ಅರ್ಥದಲ್ಲಿ ಬರುತ್ತದೆ. ಒಂದು, ನರ್ಸಿಂಗ್, ರೇಡಿಯಾಗ್ರಫಿ ಅಂದರೆ ಎಕ್ಸ್‌ರೇ ಕೆಲಸ, ಡೆಂಟಲ್ ಹೈಜೀನ್ ಅಂದರೆ ಹಲ್ಲು ಶುಚಿ ಮಾಡುವ ಕೆಲಸ, ಎಲ್ಲವೂ ಇರುವ ವಿಭಾಗದ ಹೆಸರು. ಇನ್ನೊಂದು, "ಅಸೋಸಿಯೇಟ್ ಇನ್ ಹೆಲ್ತ್ ಸೈನ್ಸಸ್" ಎಂಬ ಸಾಮಾನ್ಯ ಡಿಗ್ರಿ. ಈ ಎರಡನೆಯದು ಮುಂದೆ ನಾಲ್ಕು ವರ್ಷದ ಕಾಲೇಜಿಗೆ ಹೋಗುವವರಿಗೆ ಒಂದು ಮೆಟ್ಟಿಲು. ಅದರಲ್ಲಿ ಆಸ್ಪತ್ರೆಯ ತರಬೇತಿ ಇರುವುದಿಲ್ಲ, ಅದರಿಂದ ಲೈಸೆನ್ಸ್ ಬರುವುದಿಲ್ಲ. ಹಾಸನದ ಹುಡುಗಿ ಸಿಕ್ಕಿಕೊಂಡಿದ್ದು ಇಲ್ಲೇ. ನರ್ಸಿಂಗ್ ಸೀಟು ಸಿಗುವವರೆಗೆ ಇದನ್ನು ಓದಿರು ಎಂದು ಸೇರಿಸಿಕೊಂಡಿದ್ದರು. ಅವಳು ಇದೇ ನರ್ಸಿಂಗ್‌ಗೆ ದಾರಿ ಅಂದುಕೊಂಡಳು.

ಎರಡು ವರ್ಷದ ಡಿಗ್ರಿಯಿಂದ ನೇರವಾಗಿ ಕೆಲಸ ಸಿಗುವ ಮುಖ್ಯ ದಾರಿಗಳು ಇವು: ನರ್ಸಿಂಗ್, ರೇಡಿಯಾಗ್ರಫಿ, ರೆಸ್ಪಿರೇಟರಿ ಕೇರ್, ಡೆಂಟಲ್ ಹೈಜೀನ್, ಅಲ್ಟ್ರಾಸೌಂಡ್ ಅಂದರೆ ಸೋನೋಗ್ರಫಿ, ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್, ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್, ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್. ಸಂಬಳವೂ ಕಡಿಮೆಯಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ ರಿಜಿಸ್ಟರ್ಡ್ ನರ್ಸ್‌ಗೆ ವರ್ಷಕ್ಕೆ ನಡುಮಟ್ಟದ ಸಂಬಳ ಸುಮಾರು 86,000 ಡಾಲರ್. ಡೆಂಟಲ್ ಹೈಜೀನಿಸ್ಟ್‌ಗೆ 87,000ದ ಆಸುಪಾಸು, ನಮ್ಮಂಥ ರೆಸ್ಪಿರೇಟರಿ ಥೆರಪಿಸ್ಟ್‌ಗಳಿಗೆ 78,000ದ ಹತ್ತಿರ.

ಸಂಬಳ ನೋಡಿ ಮಾತ್ರ ಆರಿಸಬೇಡಿ. ನಿಮ್ಮ ಸ್ವಭಾವ ನೋಡಿಕೊಳ್ಳಿ. ದಿನವೆಲ್ಲ ಜನರ ಜೊತೆ ಮಾತಾಡುವುದು ಇಷ್ಟವಿಲ್ಲದವರಿಗೆ ಲ್ಯಾಬ್ ಒಳ್ಳೆಯದು. ರಾತ್ರಿ ಪಾಳಿ ಆಗದವರಿಗೆ ದಂತ ಚಿಕಿತ್ಸಾಲಯದ ಕೆಲಸ ಹಗುರ. ಎಕ್ಸ್‌ರೇ ಕೆಲಸವೆಂದರೆ ಗುಂಡಿ ಒತ್ತುವುದು ಅಂದುಕೊಂಡವರು ಒಮ್ಮೆ ಹೋಗಿ ನೋಡಿ. ಸೊಂಟ ಮುರಿದುಕೊಂಡ ಭಾರಿ ಮೈಯ ಅಜ್ಜನನ್ನು ನೋವಾಗದ ಹಾಗೆ ಹೊರಳಿಸುವುದೇ ಅಲ್ಲಿ ಅರ್ಧ ಕೆಲಸ. ಬಹಳ ಆಸ್ಪತ್ರೆಗಳು ಕೇಳಿದರೆ ಒಂದು ದಿನ ಜೊತೆಯಲ್ಲಿದ್ದು ನೋಡಲು ಬಿಡುತ್ತವೆ. ಇದಕ್ಕೆ ಶ್ಯಾಡೋಯಿಂಗ್ ಅನ್ನುತ್ತಾರೆ. ಅರ್ಜಿ ಹಾಕುವ ಮುಂಚೆ ಇದನ್ನು ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಊರಿನಲ್ಲಿ ಈಗಾಗಲೇ ಬಿ.ಎಸ್ಸಿ. ನರ್ಸಿಂಗ್ ಅಥವಾ ಜಿಎನ್‌ಎಂ ಮಾಡಿದವರು ಮತ್ತೆ ಮೊದಲಿನಿಂದ ಓದುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಸರ್ಟಿಫಿಕೇಟ್‌ಗಳ ಮೌಲ್ಯಮಾಪನ ಮಾಡಿಸಿ ನೇರವಾಗಿ ಎನ್‌ಕ್ಲೆಕ್ಸ್ ಬರೆಯುವ ದಾರಿ ಇದೆ. ನಿಮ್ಮ ರಾಜ್ಯದ ನರ್ಸಿಂಗ್ ಬೋರ್ಡನ್ನು ಮೊದಲು ಕೇಳಿ. ಬಿಡಿಎಸ್ ಮಾಡಿದ ಕೆಲವರು ಇಲ್ಲಿ ಮತ್ತೆ ದಂತ ವೈದ್ಯರಾಗುವ ಖರ್ಚು ನೋಡಿ ಡೆಂಟಲ್ ಹೈಜೀನ್ ಕಡೆ ಹೋಗುತ್ತಾರೆ. ಅದೂ ಮರ್ಯಾದೆಯ ದಾರಿಯೇ.

ಹೆಜ್ಜೆ 2: ಮಾನ್ಯತೆ ಎರಡು ಸಲ ನೋಡಿ

ಕಾಲೇಜಿಗೆ ಒಂದು ಮಾನ್ಯತೆ ಇರುತ್ತದೆ, ಕೋರ್ಸಿಗೆ ಇನ್ನೊಂದು. ಎರಡೂ ಬೇಕು. ಇಲಿನಾಯ್, ಓಹಾಯೊ ಕಡೆ ಕಾಲೇಜಿಗೆ ಮಾನ್ಯತೆ ಕೊಡುವುದು ಹೈಯರ್ ಲರ್ನಿಂಗ್ ಕಮಿಷನ್. ಆದರೆ ಕೋರ್ಸಿನ ಮಾನ್ಯತೆ ಬೇರೆ ಬೇರೆ ಸಂಸ್ಥೆಗಳದ್ದು. ರೆಸ್ಪಿರೇಟರಿಗೆ ಕೋಆರ್ಕ್, ರೇಡಿಯಾಗ್ರಫಿಗೆ ಹೆಚ್ಚಾಗಿ ಜೆಆರ್‌ಸಿಇಆರ್‌ಟಿ, ಡೆಂಟಲ್ ಹೈಜೀನ್‌ಗೆ ಕೋಡಾ, ಫಿಸಿಕಲ್ ಥೆರಪಿ ಅಸಿಸ್ಟೆಂಟ್‌ಗೆ ಕ್ಯಾಪ್ಟಿ. ಎರಡು ವರ್ಷದ ನರ್ಸಿಂಗ್‌ಗೆ ಬಹಳ ಕಡೆ ಎಸಿಇಎನ್, ಜೊತೆಗೆ ರಾಜ್ಯದ ನರ್ಸಿಂಗ್ ಬೋರ್ಡಿನ ಒಪ್ಪಿಗೆ ಕಡ್ಡಾಯ. ಆ ಸಂಸ್ಥೆಯ ಸ್ವಂತ ವೆಬ್‌ಸೈಟಿಗೆ ಹೋಗಿ ಕಾಲೇಜಿನ ಹೆಸರು ಹುಡುಕಿ. ಕಾಲೇಜಿನ ಕರಪತ್ರ ನಂಬಿ ಕೂರಬೇಡಿ.

ಅಲ್ಲೇ ಇನ್ನೊಂದು ಕೆಲಸ ಮಾಡಿ. ಮಾನ್ಯತೆ ಇರುವ ಕೋರ್ಸುಗಳು ತಮ್ಮ ಫಲಿತಾಂಶವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಎಷ್ಟು ಜನ ಸೇರಿದವರು ಮುಗಿಸಿದರು, ಎಷ್ಟು ಜನ ಲೈಸೆನ್ಸ್ ಪರೀಕ್ಷೆ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು. ಪಾಸಾದವರ ಶೇಕಡಾವಾರು ಮಾತ್ರ ನೋಡಿ ಖುಷಿಪಡಬೇಡಿ. ಅರ್ಧ ಜನರನ್ನು ನಡುವೆ ಬಿಡಿಸಿ ಉಳಿದವರನ್ನು ಪಾಸು ಮಾಡಿಸಿದರೆ ಆ ಅಂಕಿಗೆ ಏನು ಅರ್ಥ? ಮುಗಿಸಿದವರ ಸಂಖ್ಯೆಯನ್ನೂ ಪಕ್ಕದಲ್ಲೇ ಇಟ್ಟು ನೋಡಿ.

ಸೀಟು ಬೇಗ ಕೊಡುತ್ತೇವೆ, ಕ್ಯೂ ಇಲ್ಲ ಎನ್ನುವ ಖಾಸಗಿ ಕಾಲೇಜುಗಳ ಬಗ್ಗೆ ಹುಷಾರು. ಕೊರಿಂಥಿಯನ್ ಕಾಲೇಜಸ್ ಎಂಬ ದೊಡ್ಡ ಖಾಸಗಿ ಸಮೂಹ 2015ರಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಮರುವರ್ಷ ಐಟಿಟಿ ಟೆಕ್ ಎಂಬ ಇನ್ನೊಂದು ಸಮೂಹ ಮುಚ್ಚಿತು. ಓದುತ್ತಿದ್ದ ಸಾವಿರಾರು ಜನ ನಡುನೀರಿನಲ್ಲಿ ನಿಂತರು. 2023ರ ಜನವರಿಯಲ್ಲಿ ಫ್ಲಾರಿಡಾದಲ್ಲಿ 7,600ಕ್ಕೂ ಜಾಸ್ತಿ ನಕಲಿ ನರ್ಸಿಂಗ್ ಸರ್ಟಿಫಿಕೇಟ್ ಮಾರಿದ ಜಾಲ ಬಯಲಾಯಿತು. ನಿಮ್ಮ ಪಕ್ಕದ ಸರ್ಕಾರಿ ಕಾಲೇಜಿನಲ್ಲಿ ಒಂದು ವರ್ಷ ಕಾಯಬೇಕಾದರೂ ಕಾಯಿರಿ.

ಹೆಜ್ಜೆ 3: ವೀಸಾ ಮತ್ತು ದುಡ್ಡು

ಎಚ್-4ರಲ್ಲಿ ಓದಬಹುದಾ? ಓದಬಹುದು, ಪೂರ್ಣ ಕಾಲ ಬೇಕಾದರೂ ಓದಬಹುದು. ಅದಕ್ಕೆ ವಿದ್ಯಾರ್ಥಿಗಳ ಎಫ್-1 ವೀಸಾ ಬೇಡ. ಕೆಲಸ ಮಾಡಲು ಮಾತ್ರ ಇಎಡಿ ಎಂಬ ಕೆಲಸದ ಪರವಾನಗಿ ಕಾರ್ಡ್ ಬೇಕು. ಗಂಡ ಅಥವಾ ಹೆಂಡತಿಯ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಒಪ್ಪಿಗೆ ಆಗಿದ್ದರೆ ಎಚ್-4ನವರಿಗೆ ಇಎಡಿ ಸಿಗುವ ನಿಯಮ 2015ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಇಲ್ಲೊಂದು ಗಂಟು ಇದೆ. ಬಹಳ ರಾಜ್ಯಗಳಲ್ಲಿ ಲೈಸೆನ್ಸ್ ಅರ್ಜಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತಾರೆ. ಇಎಡಿ ಇಲ್ಲದ ಎಚ್-4ನವರ ಹತ್ತಿರ ಅದು ಇರುವುದಿಲ್ಲ. ಆಸ್ಪತ್ರೆಗಳು ನಿಮಗಾಗಿ ಎಚ್-1ಬಿ ಹಾಕುತ್ತವೆ ಎಂದು ಎಣಿಸಬೇಡಿ. ಅದಕ್ಕೆ ಕನಿಷ್ಠ ಬ್ಯಾಚುಲರ್ ಡಿಗ್ರಿ ಬೇಕಾಗುವ ಹುದ್ದೆ ಇರಬೇಕು, ಎರಡು ವರ್ಷದ ಡಿಗ್ರಿಯ ಕೆಲಸಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಓದು ಮುಗಿಯುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನು ಇರುತ್ತದೆ ಎಂದು ಇವತ್ತೇ ಇಮಿಗ್ರೇಷನ್ ವಕೀಲರ ಹತ್ತಿರ ಕೂತು ಲೆಕ್ಕ ಹಾಕಿ.

ಸರ್ಕಾರದ ಸಹಾಯಧನಕ್ಕೆ ಫಾಫ್ಸಾ ಅರ್ಜಿ ಹಾಕಬೇಕು. ಗ್ರೀನ್ ಕಾರ್ಡ್ ಇದ್ದವರು ಹಾಕಬಹುದು, ಎಚ್-4ನವರಿಗೆ ಆಗುವುದಿಲ್ಲ. ಪೆಲ್ ಗ್ರಾಂಟ್ ಎಂಬ ವಾಪಸ್ ಕೊಡಬೇಕಿಲ್ಲದ ಹಣ 2024-25ರಲ್ಲಿ ಗರಿಷ್ಠ 7,395 ಡಾಲರ್ ಇತ್ತು. ಆದರೆ ನಿಮಗೆ ಊರಿನ ಬ್ಯಾಚುಲರ್ ಡಿಗ್ರಿ ಇದ್ದರೆ ಪೆಲ್ ಸಿಗುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಡಿಗ್ರಿ ಮುಚ್ಚಿಟ್ಟು ಅರ್ಜಿ ಹಾಕುವ ಯೋಚನೆ ಮಾತ್ರ ಮಾಡಬೇಡಿ.

ಅದೃಷ್ಟಕ್ಕೆ ಫೀಸು ತಡೆದುಕೊಳ್ಳುವ ಹಾಗಿದೆ. ಸ್ಥಳೀಯರಿಗೆ ದೇಶದ ಸರಾಸರಿ ವರ್ಷಕ್ಕೆ 4,000 ಡಾಲರ್ ಆಸುಪಾಸು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್. ಎಚ್-4ನವರನ್ನು ಸ್ಥಳೀಯರೆಂದು ಒಪ್ಪುವುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ತೆರಿಗೆ ಕಾಗದ ಹಿಡಿದುಕೊಂಡು ಕಾಲೇಜಿನ ರಿಜಿಸ್ಟ್ರಾರ್ ಕಚೇರಿಗೇ ಹೋಗಿ ಕೇಳಿ. ಫೋನಿನಲ್ಲಿ ಒಬ್ಬರು "ಇಲ್ಲ" ಅಂದರೆ ಅಲ್ಲಿಗೆ ಬಿಡಬೇಡಿ. ಫೀಸಿನ ಮೇಲೆ ಯೂನಿಫಾರಂ, ಪುಸ್ತಕ, ಲಸಿಕೆ, ಪರೀಕ್ಷೆ ಶುಲ್ಕ, ದೂರದ ಆಸ್ಪತ್ರೆಗೆ ಹೋಗಿಬರುವ ಪೆಟ್ರೋಲು, ಇವೆಲ್ಲ ಸೇರಿ ದೊಡ್ಡ ಮೊತ್ತವೇ ಆಗುತ್ತದೆ. ಪುಸ್ತಕದ ಖರ್ಚು ತಗ್ಗಿಸಲು ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ನೋಡಿ. ಅನಾಟಮಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ ಪಠ್ಯಗಳು ಅಲ್ಲಿ ಪೂರ್ತಿ ಉಚಿತ.

ಹೆಜ್ಜೆ 4: ಊರಿನ ಅಂಕಪಟ್ಟಿ ತರಿಸಿ

ನಿಮ್ಮ ಡಿಗ್ರಿಯನ್ನು ಡಬ್ಲ್ಯುಇಎಸ್ ಅಥವಾ ಇಸಿಇಯಂಥ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. "ಕೋರ್ಸ್ ಬೈ ಕೋರ್ಸ್" ವರದಿಯನ್ನೇ ಕೇಳಿ. ಒಂದೊಂದು ವಿಷಯಕ್ಕೂ ಕ್ರೆಡಿಟ್ ಬರೆದಿರುವುದು ಅದರಲ್ಲಿ ಮಾತ್ರ. ಅಂಕಪಟ್ಟಿ ಸಾಮಾನ್ಯವಾಗಿ ಯೂನಿವರ್ಸಿಟಿಯಿಂದಲೇ ಮುಚ್ಚಿದ ಲಕೋಟೆಯಲ್ಲಿ ಹೋಗಬೇಕು. ನನ್ನ ತಮ್ಮ ನನಗಾಗಿ ಯೂನಿವರ್ಸಿಟಿ ಕಚೇರಿಗೆ ನಾಲ್ಕು ಸಲ ಅಲೆದ. ಲಕೋಟೆಯ ಬಾಯಿ ಮೇಲೆ ಸೀಲು ಬಿದ್ದಿಲ್ಲವೆಂದು ಒಮ್ಮೆ ವಾಪಸ್ಸೂ ಬಂತು. ಮೂರು ತಿಂಗಳು ಕೈಯಲ್ಲಿ ಇಟ್ಟುಕೊಂಡು ಶುರು ಮಾಡಿ.

ಇದರಿಂದ ಏನು ಉಪಯೋಗ? ಸೈಕಾಲಜಿ, ಸ್ಟಾಟಿಸ್ಟಿಕ್ಸ್‌ನಂಥ ಸಾಮಾನ್ಯ ವಿಷಯಗಳನ್ನು ಮತ್ತೆ ಓದುವುದು ತಪ್ಪಬಹುದು. ವಿಜ್ಞಾನದ ವಿಷಯಗಳು ಹಳತಾಗಿದ್ದರೆ ಒಪ್ಪುವುದಿಲ್ಲ. ಐದರಿಂದ ಏಳು ವರ್ಷದೊಳಗಿನ ಅನಾಟಮಿ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಲೇಜುಗಳು ಬಹಳ ಇವೆ.

ಹೆಜ್ಜೆ 5: ಪ್ರಿರಿಕ್ವಿಸಿಟ್, ಅಂದರೆ ಓದುವ ಮುಂಚಿನ ಓದು

ಕಾಲೇಜಿಗೆ ಸೇರುವುದು ಸುಲಭ. ಕೋರ್ಸಿಗೆ ಸೇರುವುದು ಕಷ್ಟ. ಇವೆರಡೂ ಬೇರೆ ಬೇರೆ ಎಂದು ಮನಸ್ಸಿನಲ್ಲಿ ಗಟ್ಟಿಯಾಗಿ ಬರೆದುಕೊಳ್ಳಿ. ನಮ್ಮ ಕಾಲೇಜಿಗೆ ಯಾರು ಬೇಕಾದರೂ ಸೇರಬಹುದಿತ್ತು. ನನ್ನ ಕೋರ್ಸಿಗೆ ಮಾತ್ರ ವರ್ಷಕ್ಕೆ ಹದಿನೆಂಟೇ ಸೀಟು.

ಆ ಸೀಟಿಗೆ ಅರ್ಜಿ ಹಾಕಲು ಮೊದಲು ಅನಾಟಮಿ ಮತ್ತು ಫಿಸಿಯಾಲಜಿಯ ಎರಡು ಭಾಗ, ಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಇಂಗ್ಲಿಷ್ ಬರವಣಿಗೆ, ಗಣಿತ ಇಂಥವು ಮುಗಿಸಬೇಕು. ಪಟ್ಟಿ ಕೋರ್ಸಿನಿಂದ ಕೋರ್ಸಿಗೆ ಬೇರೆ. ಇದಕ್ಕೇ ಒಂದರಿಂದ ಒಂದೂವರೆ ವರ್ಷ ಬೇಕು. ಆಮೇಲೆ ಕೋರ್ಸಿನ ಎರಡು ವರ್ಷ. ಅಂದರೆ "ಎರಡು ವರ್ಷದ ಡಿಗ್ರಿ" ನಿಜವಾಗಿ ಮೂರು, ಮೂರೂವರೆ ವರ್ಷ. ಮನೆಯವರಿಗೆ ಮೊದಲೇ ಈ ಲೆಕ್ಕ ಹೇಳಿಬಿಡಿ. ಎರಡು ವರ್ಷ ಅಂದುಕೊಂಡ ಮನೆಯಲ್ಲಿ ಮೂರನೇ ವರ್ಷ ಜಗಳ ಶುರುವಾಗುತ್ತದೆ.

ಅನಾಟಮಿಯಲ್ಲಿ ಬಿ ಗ್ರೇಡಿಗಿಂತ ಕೆಳಗೆ ಬಂದರೆ ಸೀಟು ಸಿಗುವುದು ಕಷ್ಟ, ಏಕೆಂದರೆ ಆಯ್ಕೆ ಪಾಯಿಂಟ್ ಲೆಕ್ಕದಲ್ಲಿ ನಡೆಯುತ್ತದೆ. ಹಾಗಾಗಿ ಆ ಸೆಮಿಸ್ಟರಿನಲ್ಲಿ ಬೇರೆ ಏನನ್ನೂ ತಲೆಗೆ ಹಾಕಿಕೊಳ್ಳಬೇಡಿ. ಪಿಯುಸಿಯಲ್ಲಿ ಕಾಮರ್ಸ್ ಓದಿದ ನನಗೆ ಇಡೀ ದೇಹವೇ ಹೊಸದು. ಮೊದಲ ವಾರ ಲ್ಯಾಬಿನಲ್ಲಿ ಒಂದು ಪೆಟ್ಟಿಗೆ ತುಂಬ ಮೂಳೆ ಕೊಟ್ಟರು. ಭುಜದ ಮೂಳೆ ಎತ್ತಿ ತೋರಿಸಿ ಎಡದ್ದೋ ಬಲದ್ದೋ ಹೇಳಬೇಕು. ಅದರ ಬೆನ್ನಲ್ಲಿ ಒಂದು ಏಣು ಇರುತ್ತದೆ, ಅದು ಹಿಂದಕ್ಕೆ ಬರಬೇಕು. ತೋಳು ಕೂರುವ ಗುಳಿ ಹೊರಗಡೆಗೆ ಬರಬೇಕು. ಹಾಗೆ ನನ್ನದೇ ಬೆನ್ನಿಗೆ ಹಿಡಿದು ನೋಡಿದ ಮೇಲೆ ಮತ್ತೆಂದೂ ತಪ್ಪಲಿಲ್ಲ. ಮುಂಗೈಯ ಎರಡು ಮೂಳೆಗಳನ್ನು ಕನ್ನಡದಲ್ಲೇ ನೆನಪಿಟ್ಟುಕೊಂಡೆ: ಹೆಬ್ಬೆರಳ ಕಡೆ ರೇಡಿಯಸ್, ಕಿರುಬೆರಳ ಕಡೆ ಅಲ್ನಾ. ನಿಮ್ಮ ಭಾಷೆಯಲ್ಲಿ, ನಿಮ್ಮ ಮೈಮೇಲೆ ಕೈಯಿಟ್ಟು ಕಲಿಯಿರಿ. ಅಡುಗೆ ಮಾಡುವಾಗ ಕೂಡ ನಾನು ಮೊಣಕೈ ಮುಟ್ಟಿಕೊಂಡು ಹೆಸರು ಹೇಳಿಕೊಳ್ಳುತ್ತಿದ್ದೆ.

ಸಸ್ಯಾಹಾರಿ ಮನೆಯವರು ಒಂದು ವಿಷಯಕ್ಕೆ ಮನಸ್ಸು ತಯಾರು ಮಾಡಿಕೊಳ್ಳಿ. ಬಹಳ ಕಡೆ ಲ್ಯಾಬಿನಲ್ಲಿ ಕುರಿಯ ಹೃದಯ, ಹಸುವಿನ ಕಣ್ಣು, ಬೆಕ್ಕಿನ ದೇಹ ಕೊಯ್ದು ನೋಡಬೇಕಾಗುತ್ತದೆ. ನನಗೆ ಮೊದಲ ದಿನ ಔಷಧಿಯ ವಾಸನೆಗೇ ತಲೆ ತಿರುಗಿತ್ತು. ಎರಡನೇ ವಾರ ಕುರಿಯ ಹೃದಯದ ಒಳಗೆ ದಾರದ ಹಾಗೆ ಕವಾಟಗಳನ್ನು ಹಿಡಿದಿರುವ ಎಳೆಗಳನ್ನು ಕಂಡೆ. ಅಷ್ಟು ಸಣ್ಣ ಎಳೆಗಳ ಮೇಲೆ ಒಂದು ಜೀವ ನಿಂತಿತ್ತಲ್ಲ ಅನ್ನಿಸಿ ಕೈ ತಾನಾಗಿ ಮೆಲ್ಲಗಾಯಿತು. ನಿಜಕ್ಕೂ ಆಗದವರು ಮೊದಲೇ ಮೇಷ್ಟರ ಹತ್ತಿರ ಹೇಳಿ. ಕೆಲವು ಕಾಲೇಜುಗಳಲ್ಲಿ ಮಾದರಿ ಅಥವಾ ಕಂಪ್ಯೂಟರ್ ಮೇಲೆ ಮಾಡಲು ಬಿಡುತ್ತಾರೆ.

ಹೆಜ್ಜೆ 6: ಪ್ರವೇಶ ಪರೀಕ್ಷೆ

ನರ್ಸಿಂಗ್ ಮತ್ತು ಇತರ ಕೋರ್ಸುಗಳಿಗೆ ಟೀಸ್ ಅಥವಾ ಹೆಸಿ ಎಂಬ ಪರೀಕ್ಷೆ ಇರುತ್ತದೆ. ಟೀಸ್‌ನಲ್ಲಿ 170 ಪ್ರಶ್ನೆ, 209 ನಿಮಿಷ. ಓದಿ ಅರ್ಥಮಾಡಿಕೊಳ್ಳುವುದು, ಗಣಿತ, ವಿಜ್ಞಾನ, ಇಂಗ್ಲಿಷ್ ಹೀಗೆ ನಾಲ್ಕು ಭಾಗ. ನಮ್ಮವರಿಗೆ ಗಣಿತ ಸಲೀಸು. ಪೌಂಡ್, ಔನ್ಸ್, ಫ್ಯಾರನ್‌ಹೀಟ್ ಮಾತ್ರ ಅಭ್ಯಾಸ ಮಾಡಿಕೊಳ್ಳಿ. ಅನಾಟಮಿ ಮುಗಿದ ಕೂಡಲೇ, ಓದಿದ್ದು ಬಿಸಿಯಿರುವಾಗಲೇ ಬರೆದುಬಿಡಿ. ಕೆಲವು ಕೋರ್ಸುಗಳು ನರ್ಸಿಂಗ್ ಅಸಿಸ್ಟೆಂಟ್ ಸರ್ಟಿಫಿಕೇಟ್ ಕೂಡ ಕೇಳುತ್ತವೆ. ಕೇಂದ್ರ ಸರ್ಕಾರದ ನಿಯಮದಂತೆ ಅದಕ್ಕೆ ಕನಿಷ್ಠ 75 ಗಂಟೆಯ ತರಬೇತಿ.

ಹೆಜ್ಜೆ 7: ಲಸಿಕೆ ಮತ್ತು ಕಾಗದ. ಇಲ್ಲಿ ನಮ್ಮವರು ಎಡವುತ್ತಾರೆ

ಸೀಟು ಸಿಕ್ಕ ಮೇಲೆ ಆಸ್ಪತ್ರೆಗೆ ಕಾಲಿಡುವ ಮುಂಚೆ ಆರೋಗ್ಯದ ಕಾಗದಗಳು ಪೂರ್ತಿ ಇರಬೇಕು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಸೀತಾಳೆ ಸಿಡುಬು, ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು), ಫ್ಲೂ, ಹೆಪಟೈಟಿಸ್ ಬಿ. ಚಿಕ್ಕಂದಿನ ಲಸಿಕೆ ಕಾರ್ಡು ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಇಲ್ಲದಿದ್ದರೆ ಮೈಯಲ್ಲಿ ರೋಗನಿರೋಧಕ ಶಕ್ತಿ ಇದೆಯಾ ಎಂದು ನೋಡುವ ಟೈಟರ್ ಎಂಬ ರಕ್ತ ಪರೀಕ್ಷೆ ಮಾಡಿಸಿ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದು ಹೋಗಿದ್ದರೆ ಅದರಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತದೆ. ಹೆಪಟೈಟಿಸ್ ಬಿ ಮಾಮೂಲಿ ಲಸಿಕೆಗೆ ಮೂರು ಡೋಸ್, ಮೊದಲನೆಯದರಿಂದ ಕೊನೆಯದಕ್ಕೆ ಆರು ತಿಂಗಳು. ಒಂದು ತಿಂಗಳ ಅಂತರದಲ್ಲಿ ಎರಡೇ ಡೋಸ್ ಸಾಕಾಗುವ ಲಸಿಕೆಯೂ ಇದೆ, ಕೇಳಿ ನೋಡಿ. ಸೀಟು ಸಿಗುವವರೆಗೆ ಕಾಯಬೇಡಿ, ಅರ್ಜಿ ಹಾಕುವ ವರ್ಷವೇ ಶುರು ಮಾಡಿ.

ಟಿಬಿ ಪರೀಕ್ಷೆಯಲ್ಲಿ ನಾನು ಎಡವಿದ್ದನ್ನು ಹೇಳಲೇಬೇಕು. ಮುಂಗೈ ಚರ್ಮದೊಳಗೆ ಸಣ್ಣ ಸೂಜಿ ಹಾಕಿ, ಪೆನ್ನಿನಲ್ಲಿ ಸುತ್ತ ಒಂದು ಗೆರೆ ಎಳೆದು, ಎರಡು ದಿನ ಬಿಟ್ಟು ಬನ್ನಿ ಅಂದರು. ಎರಡು ದಿನಕ್ಕೆ ಅದು ಅಡಿಕೆ ಗಾತ್ರಕ್ಕೆ ಊದಿ ಗಟ್ಟಿಯಾಗಿತ್ತು. ಸ್ಕೇಲಿನಲ್ಲಿ ಅಳೆದರು, ಹತ್ತು ಮಿಲಿಮೀಟರ್ ದಾಟಿತ್ತು. ಪಾಸಿಟಿವ್ ಎಂದು ಬರೆದರು. ಎದೆಯ ಎಕ್ಸ್‌ರೇ ಆಗುವವರೆಗೆ ಕ್ಲಿನಿಕಲ್‌ಗೆ, ಅಂದರೆ ಆಸ್ಪತ್ರೆಯ ತರಬೇತಿಗೆ, ಬರುವಂತಿಲ್ಲ ಅಂದರು. ಆ ರಾತ್ರಿ ನಿದ್ದೆ ಇಲ್ಲ. ನನ್ನ ಎಡತೋಳಿನಲ್ಲಿ ಬಿಸಿಜಿ ಎಂಬ ಟಿಬಿ ಲಸಿಕೆಯ ಗುರುತು ಇದೆ, ನಮ್ಮೆಲ್ಲರಿಗೂ ಇರುವ ಹಾಗೆ. ಆ ಲಸಿಕೆ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸಬಹುದು. ಇಗ್ರಾ ಎಂಬ ರಕ್ತ ಪರೀಕ್ಷೆಗೆ ಬಿಸಿಜಿಯ ತೊಂದರೆ ಇಲ್ಲ, ಕ್ವಾಂಟಿಫೆರಾನ್ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಅದರಲ್ಲಿ ನನಗೆ ನೆಗೆಟಿವ್ ಬಂತು. ಅಷ್ಟರಲ್ಲಿ ಎರಡು ವಾರ ಹೋಗಿತ್ತು. ನೀವು ಮೊದಲ ದಿನವೇ ಹೇಳಿ: "ನನಗೆ ಬಿಸಿಜಿ ಆಗಿದೆ, ರಕ್ತ ಪರೀಕ್ಷೆ ಮಾಡಿ." ಇನ್ನೊಂದು, ಟಿಬಿ ಪರೀಕ್ಷೆಯನ್ನು ಎಂಎಂಆರ್ ಲಸಿಕೆಯ ಮುಂಚೆ ಅಥವಾ ಅದೇ ದಿನ ಮಾಡಿಸಿ. ಲಸಿಕೆ ಆಗಿಬಿಟ್ಟರೆ ನಾಲ್ಕು ವಾರ ಕಾಯಬೇಕು.

ಇದರ ಜೊತೆ ಪೊಲೀಸ್ ದಾಖಲೆ ಪರಿಶೀಲನೆ, ಮೂತ್ರದಲ್ಲಿ ಮಾದಕ ವಸ್ತು ಪರೀಕ್ಷೆ, ಮತ್ತು ಎರಡು ವರ್ಷ ನಡೆಯುವ ಬಿಎಲ್‌ಎಸ್ ಕಾರ್ಡ್, ಅಂದರೆ ಉಸಿರು, ಹೃದಯ ನಿಂತವರಿಗೆ ಸಿಪಿಆರ್ ಮಾಡಲು ಕಲಿತ ಸರ್ಟಿಫಿಕೇಟ್. ಬರೀ ಆನ್‌ಲೈನ್‌ನಲ್ಲಿ ಸಿಗುವ ಸಿಪಿಆರ್ ಸರ್ಟಿಫಿಕೇಟನ್ನು ಒಪ್ಪುವುದಿಲ್ಲ, ಬೊಂಬೆಯ ಎದೆ ಒತ್ತಿ ತೋರಿಸಬೇಕು.

ಹೆಜ್ಜೆ 8: ಓದುವ ರೀತಿ ಬದಲಿಸಿಕೊಳ್ಳಿ

ಉರು ಹೊಡೆದು ನೂರಕ್ಕೆ ತೊಂಬತ್ತು ತೆಗೆದವರು ಇಲ್ಲಿ ಮೊದಲ ಪರೀಕ್ಷೆಯಲ್ಲಿ ಅಳುತ್ತಾರೆ. ನಾನೂ ಅತ್ತೆ. ಪ್ರಶ್ನೆ ಹೀಗಿರುತ್ತದೆ: ಉಬ್ಬಸದ ರೋಗಿ ಮಲಗಿದ್ದಾರೆ, ಏದುಸಿರು ಬಿಡುತ್ತಿದ್ದಾರೆ. ಮೊದಲು ಏನು ಮಾಡುತ್ತೀರಿ? ಡಾಕ್ಟರನ್ನು ಕರೆಯುವುದು, ನೆಬ್ಯುಲೈಸರ್ ತಯಾರು ಮಾಡುವುದು, ಎಬ್ಬಿಸಿ ನೆಟ್ಟಗೆ ಕೂರಿಸುವುದು, ಚಾರ್ಟಿನಲ್ಲಿ ಬರೆಯುವುದು. ನಾಲ್ಕೂ ಮಾಡಬೇಕಾದ ಕೆಲಸಗಳೇ. ಆದರೆ ಕೂರಿಸುವುದು ಮೊದಲು, ಏಕೆಂದರೆ ಅದಕ್ಕೆ ಎರಡು ಸೆಕೆಂಡು ಸಾಕು, ಅದರಿಂದ ಉಸಿರು ಕೂಡಲೇ ಸ್ವಲ್ಪ ಸಲೀಸಾಗುತ್ತದೆ. ನಮ್ಮಜ್ಜಿ ಇದನ್ನು ಯಾವ ಕಾಲೇಜಿಗೂ ಹೋಗದೆ ಮಾಡುತ್ತಿದ್ದಳು, ಉಬ್ಬಸ ಬಂದ ತಾತನ ಬೆನ್ನಿಗೆ ದಿಂಬು ಕೊಟ್ಟು. ಪ್ರತಿ ಪಾಠ ಓದುವಾಗಲೂ "ಏನು" ಎಂದು ನಿಲ್ಲಿಸಬೇಡಿ. "ಮೊದಲು ಯಾವುದು, ಯಾಕೆ" ಎಂದು ಕೇಳಿಕೊಳ್ಳಿ.

ಪಾಸ್ ಮಾರ್ಕು 35 ಅಲ್ಲ. ಈ ಕೋರ್ಸುಗಳಲ್ಲಿ ಸಾಮಾನ್ಯವಾಗಿ 75 ಅಥವಾ ಅದಕ್ಕೂ ಮೇಲೆ. ಬಹಳ ಕಡೆ ಎರಡು ಸಲ ಫೇಲಾದರೆ ಹೊರಗೆ. ಹದಿನೆಂಟು ಜನ ಶುರು ಮಾಡಿದ ನಮ್ಮ ಬ್ಯಾಚಿನಲ್ಲಿ ಹದಿಮೂರು ಜನ ಮುಗಿಸಿದೆವು.

ಸಣ್ಣ ಕಾಲೇಜಿನ ದೊಡ್ಡ ಲಾಭ ಇಲ್ಲಿದೆ. ಮೇಷ್ಟರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಆಫೀಸ್ ಅವರ್ಸ್ ಎಂದು ಬಾಗಿಲ ಮೇಲೆ ಬರೆದಿರುವ ಹೊತ್ತು ನಿಮಗಾಗಿಯೇ ಇಟ್ಟದ್ದು. ದಡ್ಡರು ಅಂದುಕೊಂಡಾರು ಎಂದು ನಮ್ಮವರು ಆ ಬಾಗಿಲು ತಟ್ಟುವುದಿಲ್ಲ. ತಟ್ಟಿ. ಎರಡನೇ ವಾರವೇ ತಟ್ಟಿ, ಎರಡನೇ ಟೆಸ್ಟ್ ಫೇಲಾದ ಮೇಲಲ್ಲ.

ಹೆಜ್ಜೆ 9: ಕ್ಲಿನಿಕಲ್

ಬೆಳಿಗ್ಗೆ ಆರೂವರೆಗೆ ವಾರ್ಡಿನಲ್ಲಿರಬೇಕು. ಮಕ್ಕಳಿದ್ದವರು ಆ ಹೊತ್ತಿಗೆ ಯಾರು ನೋಡಿಕೊಳ್ಳುತ್ತಾರೆ ಎಂದು ಮುಂಚೆಯೇ ಗೊತ್ತು ಮಾಡಿಕೊಳ್ಳಿ, ಡೇಕೇರ್‌ಗಳು ಅಷ್ಟು ಬೇಗ ತೆರೆದಿರುವುದಿಲ್ಲ. ಬಳೆ, ಉಂಗುರ ಮನೆಯಲ್ಲೇ ಬಿಡಿ. ಉದ್ದದ ಮಾಂಗಲ್ಯ ಸರವನ್ನು ಗೊಂದಲದಲ್ಲಿರುವ ರೋಗಿ ಹಿಡಿದು ಎಳೆಯಬಹುದು. ನಾನು ಚಿಕ್ಕ ಸರ ಹಾಕಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದೆ. ಎಂಆರ್‌ಐ ಕೋಣೆಗೆ ಹೋಗುವ ದಿನ ಅದನ್ನೂ ತೆಗೆದಿಡುತ್ತಿದ್ದೆ. ಮೂಗುತಿಯ ನಿಯಮ ಆಸ್ಪತ್ರೆಗೊಂದು.

ಮಾತಿನ ವಿಷಯ. ಊರಿನ ಪ್ಯಾರಾಸಿಟಮಾಲ್ ಇಲ್ಲಿ ಅಸಿಟಮಿನೊಫೆನ್, ಸಾಲ್ಬುಟಮಾಲ್ ಇಲ್ಲಿ ಅಲ್ಬ್ಯುಟೆರಾಲ್, ಅಡ್ರಿನಲಿನ್ ಇಲ್ಲಿ ಎಪಿನೆಫ್ರಿನ್. ಲೂಸ್ ಮೋಷನ್ ಅಂದರೆ ಯಾರಿಗೂ ತಿಳಿಯುವುದಿಲ್ಲ, ಡಯೇರಿಯಾ ಅನ್ನಬೇಕು. ಫಿಫ್ಟೀನ್, ಫಿಫ್ಟಿ ನಮ್ಮ ಬಾಯಲ್ಲಿ ಒಂದೇ ಥರ ಕೇಳಿಸುತ್ತದೆ. ಔಷಧದ ಪ್ರಮಾಣ ಹೇಳುವಾಗ "ಒನ್ ಫೈವ್", "ಫೈವ್ ಝೀರೋ" ಎಂದು ಬಿಡಿಸಿ ಹೇಳಿ.

ನನ್ನ ಮೊದಲ ಎಬಿಜಿ ನೆನಪಿದೆ. ಅಪಧಮನಿಯಿಂದ ರಕ್ತ ತೆಗೆದು ಆಮ್ಲಜನಕ ಎಷ್ಟಿದೆ ನೋಡುವ ಪರೀಕ್ಷೆ ಅದು. ವಯಸ್ಸಾದ ರೈತರೊಬ್ಬರು. ಮೊದಲು ಅವರ ಮಣಿಕಟ್ಟಿನ ಎರಡೂ ನಾಡಿ ಒತ್ತಿಹಿಡಿದೆ, ಅಂಗೈ ಬಿಳಚಿಕೊಂಡಿತು. ಕಿರುಬೆರಳ ಕಡೆಯದನ್ನು ಬಿಟ್ಟೆ, ಕೆಂಪು ವಾಪಸ್ ಬಂತು. ಇದು ಅಲೆನ್ ಪರೀಕ್ಷೆ. ಒಂದು ದಾರಿಗೆ ತೊಂದರೆಯಾದರೂ ಇನ್ನೊಂದರಿಂದ ಕೈಗೆ ರಕ್ತ ಹೋಗುತ್ತದೆ ಎಂದು ನೋಡಿಕೊಳ್ಳುವುದು. ಆಮೇಲೆ ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು ಮಿಡಿತ ಹುಡುಕಿದೆ. ಲ್ಯಾಬಿನಲ್ಲಿ ಹೆಸರು ಹೇಳಿಕೊಂಡ ಅದೇ ರೇಡಿಯಸ್ ಮೂಳೆಯ ಮೇಲೆ ನಾಡಿ ಬಡಿಯುತ್ತಿತ್ತು. ಸೂಜಿ ಓರೆಯಾಗಿ, ನಲವತ್ತೈದು ಡಿಗ್ರಿಯಲ್ಲಿ. ಸಿರಿಂಜ್ ಎಳೆಯಬೇಕಾಗಲಿಲ್ಲ. ರಕ್ತ ತಾನೇ ಮಿಡಿಯುತ್ತಾ ತುಂಬಿಕೊಂಡಿತು. "ಯೂ ಡಿಡ್ ಫೈನ್, ಹನಿ" ಅಂದರು ಅವರು. ಐದು ನಿಮಿಷ ಆ ಜಾಗ ಒತ್ತಿಹಿಡಿದು ನಿಂತಿದ್ದೆ. ಅಷ್ಟು ಹೊತ್ತೂ ತಮ್ಮ ಜೋಳದ ಹೊಲದ ಬಗ್ಗೆ ಹೇಳಿದರು.

ಹೆಜ್ಜೆ 10: ಪರೀಕ್ಷೆ, ಲೈಸೆನ್ಸ್, ಮುಂದಿನ ಓದು

ಡಿಗ್ರಿ ಕೈಗೆ ಬಂದ ಮೇಲೆ ಪರೀಕ್ಷೆಯನ್ನು ಮುಂದಕ್ಕೆ ಹಾಕಬೇಡಿ. ಆರು ವಾರದೊಳಗೆ ಬರೆಯಿರಿ. ನರ್ಸಿಂಗ್‌ನವರ ಎನ್‌ಕ್ಲೆಕ್ಸ್‌ನಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ನಿಮ್ಮ ಉತ್ತರ ನೋಡಿ ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ. 85ಕ್ಕೇ ನಿಂತಿತೆಂದು ಗಾಬರಿ ಬೇಡ. ರೇಡಿಯಾಗ್ರಫಿಗೆ ಎಆರ್‌ಆರ್‌ಟಿ, ನಮಗೆ ಎನ್‌ಬಿಆರ್‌ಸಿ ಎಂಬ ಸಂಸ್ಥೆಗಳ ಪರೀಕ್ಷೆ. ಪಾಸಾದ ಮೇಲೆ ರಾಜ್ಯದ ಲೈಸೆನ್ಸ್‌ಗೆ ಬೇರೆ ಅರ್ಜಿ.

ಮುಂದೆ ಓದುವ ಆಸೆ ಇದ್ದರೆ ಸೇರುವಾಗಲೇ ಒಂದು ಮಾತು ಕೇಳಿ: ಈ ಕ್ರೆಡಿಟ್‌ಗಳನ್ನು ಯಾವ ನಾಲ್ಕು ವರ್ಷದ ಕಾಲೇಜು ಒಪ್ಪುತ್ತದೆ? ಹೆಸರಿನಲ್ಲಿ "ಅಪ್ಲೈಡ್ ಸೈನ್ಸ್" ಇರುವ ಡಿಗ್ರಿಯ ಎಲ್ಲ ಕ್ರೆಡಿಟ್ ಎಲ್ಲ ಕಡೆ ನಡೆಯುವುದಿಲ್ಲ. ನ್ಯೂಯಾರ್ಕ್‌ನಲ್ಲಿ 2017ರ ಕಾನೂನಿನಂತೆ ಹೊಸ ನರ್ಸ್‌ಗಳು ಹತ್ತು ವರ್ಷದೊಳಗೆ ಬ್ಯಾಚುಲರ್ ಡಿಗ್ರಿ ಮಾಡಿಕೊಳ್ಳಬೇಕು. ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಮಾಡಬಹುದು, ಬಹಳ ಆಸ್ಪತ್ರೆಗಳು ಅದಕ್ಕೆ ಫೀಸಿನಲ್ಲಿ ಸಹಾಯವನ್ನೂ ಮಾಡುತ್ತವೆ.

ಹಾಸನದ ಹುಡುಗಿಯ ಅರವತ್ತು ಕ್ರೆಡಿಟ್ ಪೂರ್ತಿ ದಂಡವಾಗಲಿಲ್ಲ. ಪಟ್ಟಿ ಹಿಡಿದು ಇಬ್ಬರೂ ಕೂತು ನೋಡಿದಾಗ ಅನಾಟಮಿ, ಇಂಗ್ಲಿಷ್, ಸೈಕಾಲಜಿ ಮೂರೂ ರೇಡಿಯಾಗ್ರಫಿಗೆ ನಡೆಯುತ್ತವೆ ಎಂದು ಗೊತ್ತಾಯಿತು. ಮುಂದಿನ ಆಗಸ್ಟ್ ಬ್ಯಾಚಿಗೆ ಅರ್ಜಿ ಹಾಕಿದ್ದಾಳೆ. ಮೊನ್ನೆ ಹೆಪಟೈಟಿಸ್ ಎರಡನೇ ಡೋಸ್ ಹಾಕಿಸಿಕೊಂಡು ಕಾರ್ಡಿನ ಫೋಟೋ ಕಳಿಸಿದ್ದಳು. ಕೆಳಗೆ ಬರೆದಿದ್ದಳು: "ಅಕ್ಕಾ, ಟಿಬಿಗೆ ರಕ್ತ ಪರೀಕ್ಷೆನೇ ಮಾಡಿ ಅಂತ ಹೇಳ್ದೆ."